ಗಡ್ಡದ ಸಾಕ್ಷಿ

ಕಾಗದ ಬಂದ ದಿನವೇ ಅಕ್ಕ ಅಪ್ಪಣೆ ಹೊರಡಿಸಿದಳು. "ಇವತ್ತಿಂದ ನೀನು ಗಡ್ಡ ತೆಗೀಬೇಡ."

ತಮ್ಮ ಆಗ ಕನ್ನಡಿಯ ಮುಂದೆ ನಿಂತು ಒಂದು ಕೆನ್ನೆಗೆ ನೊರೆ ಹಚ್ಚಿ ಮುಗಿಸಿದ್ದ. ಅವನು ಕ್ಷೌರದ ಅಂಗಡಿಯಲ್ಲಿ ಕೆಲಸ ಮಾಡುವವನು. ಗಿರಾಕಿಗಳು ಅವನಿಗಿಟ್ಟ ಹೆಸರು ಹೂಗೈ. ಅವನ ಕತ್ತಿ ಕೆನ್ನೆಗೆ ತಾಗಿತೋ ಇಲ್ಲವೋ ಎಂದು ಯೋಚಿಸುವಷ್ಟರಲ್ಲಿ ಮುಖ ತೊಳೆದುಕೊಳ್ಳುವ ಹೊತ್ತಾಗಿರುತ್ತಿತ್ತು. ಅಂಥವನಿಗೆ ಗಡ್ಡ ಬಿಡು ಅನ್ನುವುದೂ ಒಂದೇ, ದರ್ಜಿಗೆ ಹರಕು ಅಂಗಿ ಹಾಕಿಕೊಂಡು ಅಂಗಡಿಯಲ್ಲಿ ಕೂರು ಅನ್ನುವುದೂ ಒಂದೇ.

"ಯಾಕೆ?" ಅಂದ.

ಅಕ್ಕ ಕಾಗದ ಮುಂದೆ ಹಿಡಿದಳು. ಎರಡು ವರ್ಷಕ್ಕೊಮ್ಮೆ ಬರುವ ಕಾಗದ ಅದು. ಮನಸ್ಸಿನ ಕಾಯಿಲೆಯವರಿಗೆಂದು ಕೊಡುವ ತಿಂಗಳ ನೆರವು ಮುಂದುವರಿಯಬೇಕಾದರೆ, ಇನ್ನೆರಡು ವಾರಕ್ಕೆ, ಶುಕ್ರವಾರ, ಮೂವರು ವೈದ್ಯರ ಮುಂದೆ ಖುದ್ದು ಹಾಜರಾಗಬೇಕು.

"ಹೋದ ಸಲ ಏನಾಯ್ತು ನೆನಪಿದೆ ತಾನೆ? ಮದುವೆ ಗಂಡಿನ ಹಾಗೆ ಹೋಗಿ ಕೂತೆ. ನುಣ್ಣನೆ ಕೆನ್ನೆ, ಗರಿಗರಿ ಅಂಗಿ. ಅಂಗಿಗೆ ಇಸ್ತ್ರಿ ಹಾಕಿದವಳು ನಾನೇ ಬಿಡು, ನನ್ನ ಬುದ್ಧಿಗಿಷ್ಟು. ಐದು ನಿಮಿಷ ನೋಡಿ, ಆರೋಗ್ಯವಾಗಿದ್ದಾರೆ ಅಂತ ಬರೆದು ಕಳಿಸಿದ್ರು. ಮುಂದಿನ ತಿಂಗಳೇ ನೀನು ಹಾಸಿಗೆ ಹಿಡಿದೆ. ನಿಂತುಹೋದ ನೆರವನ್ನ ಮತ್ತೆ ಶುರು ಮಾಡಿಸೋಕೆ ಆರು ತಿಂಗಳು ಅಲೆದು ನನ್ನ ಮಂಡಿ ಸವೆದು ಹೋಯ್ತು."

ಅವನ ಕಾಯಿಲೆಗೊಂದು ವಿಚಿತ್ರ ಲೆಕ್ಕವಿತ್ತು. ವರ್ಷದಲ್ಲಿ ಏಳೆಂಟು ತಿಂಗಳು ಹೊತ್ತಿಗೆ ಸರಿಯಾಗಿ ಎದ್ದು, ದಿನಾ ಅರ್ಧ ಹೊತ್ತು ಅಂಗಡಿಗೆ ಹೋಗಿ ಬರುತ್ತಿದ್ದ. ಉಳಿದ ತಿಂಗಳು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಯಾವ ತಿಂಗಳು ಯಾವುದು ಎಂದು ಮೊದಲೇ ಹೇಳುವ ಪುಣ್ಯಾತ್ಮ ಇನ್ನೂ ಹುಟ್ಟಿರಲಿಲ್ಲ. ಅರ್ಧ ಹೊತ್ತು ದುಡಿಯುವವರೂ ನೆರವು ಪಡೆಯಬಹುದು ಎಂದು ಕಾನೂನು ಹೇಳುತ್ತಿತ್ತು. ಅರ್ಧ ಹೊತ್ತು ದುಡಿಯುವಷ್ಟು ಗಟ್ಟಿಯಾಗಿರುವವನಿಗೆ ನೆರವು ಯಾಕೆ ಎಂದು ವೈದ್ಯರು ಕೇಳುತ್ತಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಇನ್ನು ಬೀದಿಯವರಿಗಂತೂ ಎರಡು ನಾಲಿಗೆ. ಮಲಗಿದಾಗ, ಕೈಕಾಲು ಗಟ್ಟಿಯಿದೆಯಲ್ಲ, ದುಡಿದು ತಿನ್ನೋಕೇನು ರೋಗ ಅನ್ನುತ್ತಿದ್ದರು. ಎದ್ದು ಕೆಲಸಕ್ಕೆ ಹೊರಟರೆ, ನೋಡಿದ್ರಾ, ಕಾಯಿಲೆ ಎಲ್ಲಾ ನಾಟಕ ಅನ್ನುತ್ತಿದ್ದರು.

ತಮ್ಮ ನೊರೆ ಒರೆಸಿಕೊಂಡ.

"ಬೇಡ ಕಣೆ ಅಕ್ಕ. ಅದು ಶುರುವಾಗೋದೇ ಹಾಗೆ. ಒಂದಿನ ಬೆಳಿಗ್ಗೆ ಇವತ್ತು ಬೇಡ ಅನ್ನಿಸುತ್ತೆ. ನಾಳೆ ತೆಗೆದರಾಯ್ತು ಅನ್ನಿಸುತ್ತೆ. ಆಮೇಲೆ ಕನ್ನಡಿ ಕಡೆ ಹೋಗೋದೇ ಬೇಡ ಅನ್ನಿಸುತ್ತೆ. ಗಡ್ಡ ತೆಗೆದ ದಿನ ನಾನು ಆ ದಿನ ಗೆದ್ದ ಹಾಗೆ."

"ಹದಿನಾಲ್ಕು ದಿನ ಅಷ್ಟೇ. ಶನಿವಾರ ಎರಡು ಸಲ ತೆಕ್ಕೋ, ಯಾರು ಬೇಡ ಅಂತಾರೆ?" ಅಂದಳು ಅಕ್ಕ. ಅವಳಿಗೆ ಕೆಲಸಕ್ಕೆ ಹೊತ್ತಾಗಿತ್ತು. ಲಾಂಡ್ರಿಯಲ್ಲಿ ದಿನಕ್ಕೆ ನೂರು ಅಂಗಿಗೆ ಇಸ್ತ್ರಿ ಉಜ್ಜುವವಳಿಗೆ ನಿಂತು ಮಾತು ಕೇಳುವ ಪುರುಸೊತ್ತು ಎಲ್ಲಿಂದ ಬರಬೇಕು? ಅವನ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ನಾಲ್ಕನೆಯ ದಿನ ಅವನು ಹೊತ್ತಿಗೆ ಮುಂಚೆಯೇ ಮನೆಗೆ ಬಂದ. ಅಂಗಡಿಯ ಯಜಮಾನ ಕೆಟ್ಟವನಲ್ಲ. ಎಷ್ಟೋ ಸಲ ತಿಂಗಳುಗಟ್ಟಲೆ ಅವನ ಕುರ್ಚಿಯನ್ನು ಖಾಲಿ ಬಿಟ್ಟು ಕಾದವನು. ಆದರೆ ಅವನಿಗೂ ವ್ಯಾಪಾರ ನಡೆಯಬೇಕಲ್ಲ.

"ಏನಂದ?" ಅಕ್ಕ ಕೇಳಿದಳು.

"ನಿನ್ನ ಮುಖ ನೋಡಿದ ಗಿರಾಕಿ, ಇಲ್ಲಿ ಕತ್ತಿಗೆ ಬರಗಾಲ ಬಂದಿದೆಯಾ ಅಂತ ಕೇಳ್ತಾನೆ ಮಾರಾಯ, ಅಂದ. ಡಾಕ್ಟ್ರ ಕೆಲಸ ಮುಗಿಸ್ಕೊಂಡು ಬಾ, ಕುರ್ಚಿ ಎಲ್ಲೂ ಹೋಗಲ್ಲ ಅಂದ." ತಮ್ಮ ನಗಲು ನೋಡಿದ. ಅಕ್ಕನೂ ನಕ್ಕಳು. ಹತ್ತು ದಿನ ರಜ ಅಂದುಕೋ ಅಂದಳು.

ಮೊದಲೆರಡು ದಿನ ಅವನು ಮೆಟ್ಟಿಲ ಮೇಲೆ ಕೂತು ಹೋಗಿ ಬರುವವರ ತಲೆ ನೋಡಿದ. ಇವನ ಕಿವಿ ಹಿಂದೆ ಸರಿಯಾಗಿ ಕತ್ತರಿಸಿಲ್ಲ, ಅವನ ತಲೆಗೆ ಯಾರೋ ಅನ್ಯಾಯ ಮಾಡಿದ್ದಾರೆ ಎಂದೆಲ್ಲ ಹೇಳಿದ. ಆಮೇಲೆ ಕಿಟಕಿಯ ಬಳಿ ಕೂತ. ಆಮೇಲೆ ಕಿಟಕಿಯ ಪರದೆ ಎಳೆದ. ಹನ್ನೊಂದನೆಯ ದಿನ ಸಂಜೆ ಅಕ್ಕ ಬಂದು ನೋಡಿದರೆ, ಬೆಳಿಗ್ಗೆ ಇಟ್ಟು ಹೋದ ಚಹಾ ಕೆನೆಗಟ್ಟಿ ಅಲ್ಲೇ ಇತ್ತು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ.

ಆ ಬೆನ್ನು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹದಿನೇಳು ವರ್ಷದಿಂದ ನೋಡುತ್ತಿರುವ ಬೆನ್ನು. ಅವಳು ಚೀಲ ಕೆಳಗಿಡದೆ ಹಾಗೇ ನಿಂತಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮತ್ತೆ ಶುರು ಎಂಬ ಸುಸ್ತು ಮಾತ್ರ ಮಂಡಿಯಿಂದ ಹತ್ತಿ ನಡುವಿನವರೆಗೆ ಬಂತು.

ಶುಕ್ರವಾರ ಬೆಳಿಗ್ಗೆ ಅವನನ್ನು ಎಬ್ಬಿಸಲು ಆರು ಗಂಟೆಯಿಂದ ಒಂಬತ್ತರವರೆಗೆ ಹೆಣಗಿದಳು. ಗದರಿದಳು, ಕೈ ಹಿಡಿದು ಎಳೆದಳು, ಕಾಲು ಹಿಡಿಯುವುದೊಂದು ಬಾಕಿ. ಅವನು ಎದ್ದು ಕೂತ. ಚಪ್ಪಲಿಯನ್ನು ನೋಡಿದ. ಮತ್ತೆ ಮಲಗಿದ. ಕೊನೆಗೆ ಅಕ್ಕ ಒಬ್ಬಳೇ ಕಡತ ಹಿಡಿದುಕೊಂಡು ಹೋದಳು.

ಕಚೇರಿಯ ಗಾಜಿನ ಹಿಂದೆ ಕೂತ ಗುಮಾಸ್ತೆ ಕಡತ ತಿರುವಿ, "ಅವರೆಲ್ಲಿ?" ಅಂದಳು.

"ಎದ್ದು ಬರೋಕಾಗಲಿಲ್ಲಮ್ಮ."

"ಅವರೇ ಬರಬೇಕಲ್ಲ. ಬರದಿದ್ರೆ ಗೈರುಹಾಜರಿ ಅಂತ ಹಾಕಿ ನೆರವು ನಿಲ್ಲಿಸ್ತಾರೆ."

"ಎದ್ದು ಬರೋಕಾಗದವನಿಗೆ ತಾನೇ ಈ ಕಾಗದ? ಬರೋ ಹಾಗಿದ್ದಾಗ ಬಂದ್ರೆ ಗಟ್ಟಿಯಾಗಿದ್ದೀಯ ಅಂತ ಓಡಿಸ್ತೀರಿ. ಬರೋಕಾಗದೆ ಇದ್ದಾಗ ಬರಲಿಲ್ಲ ಅಂತ ಓಡಿಸ್ತೀರಿ. ಮಧ್ಯದಲ್ಲಿ ನಿಲ್ಲೋಕೆ ಒಂದು ಜಾಗ ತೋರಿಸಿ, ಅಲ್ಲಿ ತಂದು ನಿಲ್ಲಿಸ್ತೀನಿ."

ಅಕ್ಕ ದನಿ ಏರಿಸಿರಲಿಲ್ಲ. ಏರಿಸುವ ತ್ರಾಣ ಇರಲಿಲ್ಲ. ಗುಮಾಸ್ತೆಯೂ ಬೆಳಗಿನಿಂದ ಇಂಥ ಮಾತು ಹತ್ತು ಕೇಳಿರಬೇಕು. ಅತ್ತಿತ್ತ ನೋಡಿ, ಗಾಜಿನ ಕೆಳಗಿನ ಸಂದಿಗೆ ಬಾಗಿದಳು.

"ಅಕ್ಕಾ, ಸೋಮವಾರ ಇನ್ನೊಂದು ಸರದಿ ಇದೆ. ಅವರ ಹೆಸರು ಸೇರಿಸ್ತೀನಿ. ಆಟೋನೋ ಏನೋ ಮಾಡಿ ಎತ್ತಿ ಹಾಕ್ಕೊಂಡು ಬನ್ನಿ. ಗಡ್ಡ ಗಿಡ್ಡ ಬಂದಿದೆಯಾ?"

"ಬಂದಿದೆ."

"ಹಾಗೇ ಇರಲಿ. ಸ್ನಾನ ಮಾಡಿಸಬೇಡಿ, ಬಟ್ಟೆ ಬದಲಾಯಿಸಬೇಡಿ. ಎಷ್ಟು ವರ್ಷದಿಂದ ನೋಡ್ತಿದ್ದೀನಿ ನಾನು, ಹಾಗೆ ಬಂದವರಿಗೆ ಮಂಜೂರಾಗದೆ ಇರಲ್ಲ."

ಮನೆಗೆ ಬರುವ ಬಸ್ಸಿನಲ್ಲಿ ಅಕ್ಕನಿಗೆ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಎದೆ ಹಗುರವಾಗಿತ್ತು. ಸದ್ಯ, ಸರಿಯಾದ ಹೊತ್ತಿಗೆ ಮಲಗಿದ ಅಂದುಕೊಂಡಳು. ಮರುಕ್ಷಣವೇ ತಾನು ಅಂದುಕೊಂಡದ್ದು ಏನೆಂದು ಹೊಳೆಯಿತು. ಒಡಹುಟ್ಟಿದವನ ಕಾಯಿಲೆಗೆ ಖುಷಿಪಟ್ಟೆನಲ್ಲ ಎಂದು ಹೇಸಿಗೆಯಾಯಿತು. ಗಡ್ಡಕ್ಕೂ ಕಾಯಿಲೆಗೂ ಸಂಬಂಧವಿಲ್ಲ, ಅದು ತನ್ನ ಪಾಡಿಗೆ ಬರುತ್ತಿತ್ತು ಎಂದು ವೈದ್ಯರು ಹೇಳಿಯಾರು. ಇರಬಹುದು. ಆದರೆ ಕತ್ತಿ ಬಿಡಿಸಿದವಳು ತಾನು, ಕುರ್ಚಿ ಬಿಡಿಸಿದವಳೂ ತಾನೇ. ಬೇಡ ಕಣೆ ಅಂದಿದ್ದ. ಹದಿನೇಳು ವರ್ಷ ಕಾಯಿಲೆಯ ಜೊತೆ ಬಾಳುವೆ ಮಾಡಿದವನು ಅವನು, ಅದು ಯಾವ ಬಾಗಿಲಿನಿಂದ ಬರುತ್ತದೆಂದು ಅವನಿಗಿಂತ ಯಾರಿಗೆ ಗೊತ್ತು? ಇಲ್ಲದ ಗಾಯವನ್ನು ತೋರಿಸಲು ಹೋಗಿ ಕೆರೆದು ಹುಣ್ಣು ಮಾಡಿದ ಹಾಗಾಗಿತ್ತು.

ಮನೆಯಲ್ಲಿ ತಮ್ಮ, ಅವಳು ಹೊರಟಾಗ ಹೇಗಿದ್ದನೋ ಹಾಗೇ ಇದ್ದ. ಎಚ್ಚರವಾಗಿದ್ದ. ಬೆರಳುಗಳು ಮಾತ್ರ ಗಡ್ಡದೊಳಗೆ ಹೊಕ್ಕು ಏನನ್ನೋ ಹುಡುಕುವಂತೆ ಕೆನ್ನೆಯನ್ನು ಕೆರೆಯುತ್ತಿದ್ದವು. ದವಡೆಯ ಹತ್ತಿರ ಕೆಂಪಗೆ ಗೀರು ಬಿದ್ದಿತ್ತು.

ಅಕ್ಕ ಬಹಳ ಹೊತ್ತು ನೋಡಿದಳು. ಇನ್ನು ಮೂರು ದಿನ ಹೀಗೇ ಬಿಟ್ಟರೆ ಎರಡು ವರ್ಷದ ಚಿಂತೆ ಇಲ್ಲ. ಔಷಧಿ ಬರುತ್ತದೆ, ಬಾಡಿಗೆಯಲ್ಲಿ ಅರ್ಧ ಬರುತ್ತದೆ. ಹೋದ ಸಲ ನುಣ್ಣನೆ ಕೆನ್ನೆಗೆ ಸಿಕ್ಕಿದ ಉತ್ತರ ಅವಳಿಗೆ ಮರೆತಿರಲಿಲ್ಲ. ಎಲ್ಲ ತಿಳಿದೂ ಅವಳು ಎದ್ದು ಒಲೆ ಹಚ್ಚಿ ನೀರಿಟ್ಟಳು.

ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಾಗ ಅವನು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಬಿಸಿನೀರಿನ ಬಟ್ಟೆ ಕೆನ್ನೆಗೆ ಒತ್ತಿದಳು. ಅವನ ಪೆಟ್ಟಿಗೆಯಿಂದ ಬ್ರಷ್ಷು ತೆಗೆದು ನೊರೆ ಕಲಸಿದಳು, ಪಾತ್ರೆ ತೊಳೆಯುವಷ್ಟು ನೊರೆಯಾಯಿತು. ಕತ್ತಿ ಕೈಗೆ ತೆಗೆದುಕೊಂಡಳು. ಜೀವಮಾನವೆಲ್ಲ ಬಟ್ಟೆಯ ಸುಕ್ಕು ತೆಗೆದ ಕೈ ಅದು, ಕೂದಲು ತೆಗೆದದ್ದಲ್ಲ. ಇಸ್ತ್ರಿ ಪೆಟ್ಟಿಗೆ ದೂಡುವ ಹಾಗೆಯೇ ಗಲ್ಲದ ಕೆಳಗಿನಿಂದ ಮೇಲಕ್ಕೆ ಒಂದು ಸಲ ಎಳೆದಳು. ಚರ್ಮ ಮುದುಡಿತು, ಒಂದು ಹನಿ ರಕ್ತ ಕಂಡಿತು.

ತಮ್ಮ ಕಣ್ಣು ಮುಚ್ಚಿಕೊಂಡೇ ಇದ್ದ. ತುಟಿ ಅಲುಗಿತು. ಏನೆಂದು ಕೇಳಲು ಅಕ್ಕ ಬಾಗಬೇಕಾಯಿತು.

"ಮೇಲಿಂದ ಕೆಳಕ್ಕೆ, ಅಕ್ಕ. ಕೂದಲು ಬೆಳೆದ ಕಡೆಗೇ ಹೋಗು."

ಮೂರು ದಿನದಲ್ಲಿ ಅವನಾಡಿದ ಮೊದಲ ಮಾತು. ಅಕ್ಕನ ಕಣ್ಣು ಮಂಜಾಯಿತು. ಕತ್ತಿ ಕೈಯಲ್ಲಿರುವಾಗ ಅಳಬಾರದೆಂದು ಮೊಣಕೈಯಿಂದ ಕಣ್ಣೊರೆಸಿಕೊಂಡಳು.

"ಹೇಳ್ತಾ ಇರು," ಅಂದಳು. "ಹೇಳಿದ ಹಾಗೆ ಮಾಡ್ತೀನಿ."

ಸ್ವಲ್ಪ ಹೊತ್ತಾದ ಮೇಲೆ ಅವನು ಕೇಳಿದ. "ಡಾಕ್ಟ್ರು ನೋಡೋಕೆ ಗಡ್ಡ ಬೇಕು ಅಂದಿದ್ದೆಯಲ್ಲ?"

"ಸೋಮವಾರ ನಾನು ಮಾತಾಡ್ತೀನಿ. ಈಗ ಅಲ್ಲಾಡಬೇಡ."

ಅವನು ಅಲ್ಲಾಡಲಿಲ್ಲ. ನಿಧಾನವಾಗಿ ಎಡಗೈ ಎತ್ತಿ, ಎರಡು ಬೆರಳಿನಿಂದ ತನ್ನ ಕೆನ್ನೆಯ ಚರ್ಮವನ್ನು ಕಿವಿಯ ಕಡೆಗೆ ಎಳೆದು ಹಿಡಿದುಕೊಟ್ಟ, ಅವಳ ಕತ್ತಿಗೆ ಸಲೀಸಾಗಲೆಂದು.