ನೀಲಿಗಪ್ಪು

ಪ್ರಫುಲ್ಲಾ ಗಂಡನ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ತೋರುಬೆರಳನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಹೆಣಕ್ಕೆ ಸ್ನಾನವಾಗಿ, ಬಿಳಿ ಪಂಚೆ ಉಡಿಸಿ, ಚಾವಡಿಯಲ್ಲಿ ಮಲಗಿಸಿ, ತಲೆಯ ಹತ್ತಿರ ದೀಪ ಹಚ್ಚಿ ಆಗಿತ್ತು. ಅಷ್ಟು ಜನ ಸೇರಿ ಮೀಯಿಸಿದರೂ ಉಗುರಿನ ಸುತ್ತ ಕೂತ ಶಾಯಿ ಮಾತ್ರ ಹೋಗಿರಲಿಲ್ಲ. ಬಾರ್ ಸೋಪಿಗೂ ಅದು ಜಗ್ಗಲಿಲ್ಲ.

"ಬಿಡಮ್ಮ, ಚರ್ಮ ಎದ್ದು ಬರ್ತದೆ" ಎಂದಳು ಮಗಳು ವಿಜೇತಾ.

"ಬರಲಿ. ಮದುವೆಗೆ ಹೋದರೂ ಈ ಬೆರಳು, ದೈವದ ಎದುರು ನಿಂತರೂ ಈ ಬೆರಳು. ಇವತ್ತೊಂದು ದಿನ ಆದರೂ ನಾಲ್ಕು ಜನರ ಹಾಗೆ ಹೋಗಲಿ."

ಬಾಗಿಲ ಬಳಿ ನಿಂತಿದ್ದ ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ, "ಮೊನ್ನೆ ಎಲ್ಲಿಯಾದರೂ ಓಟು ಇತ್ತಾ?" ಎಂದು ಕೇಳಿದಳು. ಪ್ರಫುಲ್ಲಾಳಿಗೆ ಅದು ಕೇಳಿಸಿತು. ಅಳುವುದಕ್ಕೆ ಕೂತವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯ ಸತ್ತ ದಿನವೂ ತನ್ನನ್ನು ನೆಟ್ಟಗೆ ಅಳಲು ಬಿಡುವುದಿಲ್ಲವಲ್ಲ ಎನಿಸಿತು.

ಮುಂಡಪ್ಪ ರೈಗಳು ಬಿ.ಸಿ. ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆಗಿದ್ದವರು. ಬಸ್ಸು ಬಂದ ಹೊತ್ತು, ಬಿಟ್ಟ ಹೊತ್ತು ಚೀಟಿಯಲ್ಲಿ ಬರೆದು ಸಹಿ ಹಾಕುವ ಕೆಲಸ. ಅದಕ್ಕೆ ಒಂದು ಬಾಲ್ ಪೆನ್ನು ಸಾಕು. ಇವರಿಗೆ ಸಾಲದು. ಒಂದೊಂದು ಕಂಪನಿಯ ಬಸ್ಸಿಗೆ ಒಂದೊಂದು ಬಣ್ಣದ ಶಾಯಿ, ಅದಕ್ಕೆ ಅಂಗಿ ಜೇಬಿನಲ್ಲಿ ಸಾಲು ಪೆನ್ನು. ಹಾಗೆ ಬರೆಯಿರಿ ಎಂದು ಮಾಲಕರು ಹೇಳಿದ್ದಲ್ಲ, ಡ್ರೈವರುಗಳು ಕೇಳಿದ್ದೂ ಅಲ್ಲ. ಕೆಲಸ ಬಿಟ್ಟ ಮೇಲೆ ನರಿಕೊಂಬಿನ ಮನೆಯ ಕಿಟಕಿ ದಂಡೆಯಲ್ಲಿ ಬಾಟಲಿಗಳು ಸಾಲುಗಟ್ಟಿದವು. ಕರೆಂಟ್ ಬಿಲ್ಲಿನ ಹಿಂದೆ, ಕ್ಯಾಲೆಂಡರಿನ ಹಿಂದೆ, ಡಾಕ್ಟರ ಚೀಟಿಯ ಹಿಂದೆ, ಎಲ್ಲಿ ಖಾಲಿ ಜಾಗ ಕಂಡರೂ ಒಂದು ಗೀಟು ಎಳೆದು ನೋಡಬೇಕು, ಪಕ್ಕದಲ್ಲಿ ಇನ್ನೊಂದು ಎಳೆದು ಹೋಲಿಸಬೇಕು. ಪ್ರಫುಲ್ಲಾ ಅಡುಗೆಮನೆಗೆ ಮಾತ್ರ ಬಾಟಲಿ ತರಬಾರದೆಂದು ಕಟ್ಟಳೆ ಮಾಡಿದ್ದಳು. ಅದನ್ನೂ ಅವರು ಪೂರ್ತಿ ಪಾಲಿಸಲಿಲ್ಲ.

"ನನ್ನ ಬಸ್ಸಿಗೆ ನೇರಳೆ ಬಣ್ಣ ಇಟ್ಟಿದ್ದರು" ಎಂದ, ಚಾವಡಿಯ ಮೂಲೆಯಲ್ಲಿ ಕೂತಿದ್ದ ಸುಲೈಮಾನ್. ವಿಟ್ಲದ ಬಸ್ಸು ಓಡಿಸುತ್ತಿದ್ದವ, ಈಗ ಅವನೂ ಮುದುಕ. "ನಾನು ಲೇಟಾಗಿ ಬಂದರೂ ಬೈತಿರ್ಲಿಲ್ಲ ಮಾರಾಯ್ರೆ. 'ಈ ನೇರಳೆ ನಿನ್ನೆಯದ್ದಕ್ಕಿಂತ ಸ್ವಲ್ಪ ತಿಳಿಯಾ, ನೋಡು' ಹೇಳ್ತಿದ್ದರು. ನಾನು ಬಸ್ಸು ತೆಗೆಯುವುದಾ, ಬಣ್ಣ ನೋಡುವುದಾ?"

ಊರಿನ ಹಿರಿಯ ರುಕ್ಮಯ್ಯ ಅಂಗಳದಿಂದ ಮೆಟ್ಟಿಲು ಹತ್ತಿ ಬಂದ. "ಪ್ರಫುಲ್ಲಕ್ಕ, ಸೌದೆ ಇಟ್ಟು ಆಗಿದೆ. ಬಿಸಿಲಿರುವಾಗಲೇ ತೆಗೆಯುವ. ವಿಟ್ಲದವರು ಎಲ್ಲಿಗೆ ಮುಟ್ಟಿದರು?"

ಅಳಿಯಕಟ್ಟಿನ ಮನೆ, ಹಕ್ಕೆಲ್ಲ ಸೋದರಳಿಯನದು. ಒಡಹುಟ್ಟಿದವಳು ಬಾಯಿಗೆ ತುಳಸಿ ನೀರು ಬಿಡಬೇಕು, ಅವಳ ಮಗ ಕೊಳ್ಳಿ ಇಡಬೇಕು. ಮುಂಡಪ್ಪ ರೈಗಳಿಗೆ ಇದ್ದದ್ದು ಒಬ್ಬಳೇ ಅಕ್ಕ, ವಿಟ್ಲದ ಅಮ್ಮಣಿ. ಅವರ ಮಗ ಶೋಧನ್ ದುಬೈಯಿಂದ ರಜೆಯಲ್ಲಿ ಬಂದು ಊರಲ್ಲೇ ಇದ್ದ. ಅಕ್ಕ ನೀರು ಬಿಡದೆ ಹೋದರೆ ಗಂಡ ಬಾಯಾರಿಕೊಂಡೇ ಹೋದ ಹಾಗೆ ಎಂಬುದು ಪ್ರಫುಲ್ಲಾಳಿಗೆ ಬೆಳಗಿನಿಂದಲೂ ಇದ್ದ ಸಂಕಟ. ಬೆರಳನ್ನು ಅಷ್ಟು ಉಜ್ಜಿದ್ದೂ ಆ ಸಂಕಟದಲ್ಲೇ. ಅಕ್ಕ ಬಂದರೆ ಮೊದಲು ಕಣ್ಣಿಗೆ ಬೀಳುವುದು ಶಾಯಿಯೇ ಆಗಬಾರದು.

ಕಾರು ಬಂತು. ಶೋಧನ್ ಒಬ್ಬನೇ ಇಳಿದ. ಅವನು ನೇರವಾಗಿ ಒಳಗೆ ಬಂದು, ಮಾವನ ಕಾಲು ಮುಟ್ಟಿ, ಪ್ರಫುಲ್ಲಾಳ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಅಮ್ಮ ಬರುವುದಿಲ್ಲವಂತೆ, ಮಾಮಿ."

"ಏನು ಹೇಳಿದರು?"

ಶೋಧನ್ ಸುತ್ತ ನೋಡಿ ಸ್ವರ ತಗ್ಗಿಸಿದ. "'ಅವನಿಗೆ ನಾನು ಒಂದು ಸಲ ಅತ್ತು, ಮಿಂದು ಆಗಿದೆ. ಒಬ್ಬನಿಗೆ ಎರಡು ಸಲ ಅಳುವ ಕ್ರಮ ಇಲ್ಲ' ಹೇಳ್ತಾರೆ."

ಸುಲೈಮಾನನಿಗೆ ಕೆಮ್ಮು ಬಂತು. ಅದು ಕೆಮ್ಮಲ್ಲ, ನಗೆ ಎಂದು ಪ್ರಫುಲ್ಲಾಳಿಗೆ ಗೊತ್ತಾಯಿತು. ಅವನನ್ನು ಬೈಯುವ ಹಾಗೂ ಇಲ್ಲ, ಅಕ್ಕ ಮೊದಲ ಸಲ ಅತ್ತುಕೊಂಡು ಬಂದದ್ದು ಅವನ ಬಸ್ಸಿನಲ್ಲೇ ಆಗಿತ್ತು.

*

ವಿಜೇತಾಳ ಮದುವೆಯ ಕಾಗದ ಅಚ್ಚಾಗಿ ಬಂದಾಗ ಪ್ರಫುಲ್ಲಾ ಲಕೋಟೆಗಳ ಮೂಲೆಗೆ ಅರಸಿನ ಹಚ್ಚಿ ಒಣಗಿಸಿಟ್ಟಳು. ವಿಳಾಸ ಬರೆಯುವುದು ಮುಂಡಪ್ಪ ರೈಗಳ ಪಾಲಿಗೆ. ಒಂದು ಪೆನ್ನು ಹಿಡಿದು ಕೂತರೆ ಮುಗಿಯುವ ಕೆಲಸ. ಆದರೆ ಲಕೋಟೆಯ ಕಾಗದ ನುಣುಪು. ಯಾವ ಶಾಯಿ ಹರಡುತ್ತದೆ, ಯಾವುದು ನಿಲ್ಲುತ್ತದೆ ಎಂದು ನೋಡದೆ ಬರೆಯುವುದು ಹೇಗೆ? ಮೇಲಿದ್ದ ಲಕೋಟೆಯ ನಾಲ್ಕು ಮೂಲೆಗೆ ನಾಲ್ಕು ಬಾಟಲಿಯ ನೀಲಿಗಪ್ಪನ್ನು ಒಂದೊಂದು ಬೊಟ್ಟು ಇಟ್ಟು ನೋಡಿದರು. ಹಸಿಯಿರುವಾಗ ನಾಲ್ಕೂ ನೀಲಿ. ಮನಸ್ಸಿಗೆ ಬಂದದ್ದರಲ್ಲಿ ವಿಳಾಸ ಬರೆದರು. ಹಿರಿಯರ ಹೆಸರು ಮೊದಲು ಎಂದು ಆ ಮೊದಲನೆಯ ಲಕೋಟೆ ವಿಟ್ಲದ ಅಕ್ಕನಿಗೆ. ಖುದ್ದು ಹೋಗಿ ಕರೆಯುವುದು ಹೇಗೂ ಇತ್ತು, ಅಂಚೆಯಲ್ಲೂ ಒಂದು ಹೋಗಲಿ ಎಂದು ಹಾಕಿಯೇ ಬಿಟ್ಟರು.

ಲಕೋಟೆ ವಿಟ್ಲಕ್ಕೆ ಮುಟ್ಟುವಾಗ ಬೊಟ್ಟುಗಳು ಒಣಗಿ ಕಪ್ಪಾಗಿದ್ದವು. ಮೂಲೆ ಕಪ್ಪಾದ ಕಾಗದ ಎಂದರೆ ಸಾವಿನ ಕಾಗದ, ಅದನ್ನು ಮನೆಯೊಳಗೆ ತರುವುದಿಲ್ಲ. ಅಮ್ಮಣಿಯಕ್ಕ ಅಂಗಳದಲ್ಲೇ ನಿಂತು ಕಳಿಸಿದವರ ಹೆಸರು ನೋಡಿದರು: ತಮ್ಮನದು. ಹಿಂದಿನ ತಿಂಗಳಷ್ಟೇ ಅವನಿಗೆ ಎದೆನೋವು ಬಂದಿತ್ತು. ಇನ್ನು ಬಿಡಿಸಿ ಓದುವ ತಾಳ್ಮೆ ಯಾರಿಗುಂಟು? ಲಕೋಟೆಯನ್ನು ತೆಂಗಿನ ಬುಡಕ್ಕೆ ಬಿಸಾಡಿ, ಬಾವಿಕಟ್ಟೆಯಲ್ಲಿ ಉಟ್ಟ ಸೀರೆಯಲ್ಲೇ ತಲೆಗೆ ನೀರು ಹೊಯ್ದುಕೊಂಡು, ಆ ಒದ್ದೆಯಲ್ಲೇ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅತ್ತರು. ಬೆಳಿಗ್ಗೆ ತಾನೇ ಮುಂಡಪ್ಪ ರೈಗಳ ಕೈಯಲ್ಲಿ ಚೀಟಿ ಬರೆಸಿಕೊಂಡು ಬಂದಿದ್ದ ಸುಲೈಮಾನನಿಗೆ ಸತ್ತದ್ದು ಯಾರೆಂದು ಕೇಳುವ ಧೈರ್ಯ ಬರಲಿಲ್ಲ.

ನರಿಕೊಂಬಿನ ಅಂಗಳದಲ್ಲಿ ಚಪ್ಪರಕ್ಕೆ ಕಂಬ ನೆಡುತ್ತಿದ್ದರು. "ತಮ್ಮಾ" ಎಂದು ಎದೆ ಬಡಿದುಕೊಂಡು ಬಂದ ಅಕ್ಕನಿಗೆ ಮೊದಲು ಕಂಡದ್ದು ಕಂಬ ಹಿಡಿದು ನಿಂತ ತಮ್ಮ.

ಆಗ ಮಾಡಬೇಕಾದದ್ದು ಒಂದೇ. ಕಾಲು ಹಿಡಿದು ತಪ್ಪಾಯಿತು ಎನ್ನಬೇಕು. ಊರಿನ ಯಾವ ಮಂಕನಿಗಾದರೂ ಅದು ಹೊಳೆಯುತ್ತಿತ್ತು. ಮುಂಡಪ್ಪ ರೈಗಳು ಒಳಗೆ ಓಡಿ, ಅದೇ ಶಾಯಿಯಲ್ಲಿ ಬರೆದ ಇನ್ನೊಂದು ಲಕೋಟೆ ತಂದು ಬಿಸಿಲಿಗೆ ಹಿಡಿದರು.

"ಅಕ್ಕ, ಇದು ಕಪ್ಪಲ್ಲ. ನೀಲಿಗಪ್ಪು. ಬೆಳಕಿಗೆ ಹಿಡಿದು ನೋಡು, ಒಳಗೆ ನೀಲಿ ಉಂಟು."

ಅಮ್ಮಣಿಯಕ್ಕ ನೋಡಲಿಲ್ಲ. "ನಾನು ಅತ್ತದ್ದು ನಿನಗೆ ಕಾಣ್ಲಿಲ್ಲ. ಬಣ್ಣ ಕಂಡಿತು" ಎಂದು ಹೇಳಿ ತಿರುಗಿ ನಡೆದರು. ಮದುವೆಗೆ ಬಂದರು, ಹುಡುಗಿಯ ತಲೆಗೆ ಅಕ್ಕಿಕಾಳು ಹಾಕಿದರು, ಉಂಡರು. ತಮ್ಮನ ಮುಖ ನೋಡಲಿಲ್ಲ. ಮತ್ತೆ ಅವರಿಬ್ಬರಿಗೆ ಮಾತೇ ಇರಲಿಲ್ಲ.

*

"ಫೋನ್ ಕೊಡು" ಎಂದಳು ಪ್ರಫುಲ್ಲಾ.

ಶೋಧನ್ ಹಚ್ಚಿ ಕೊಟ್ಟ. ಆ ಕಡೆ ಅಮ್ಮಣಿಯಕ್ಕ ಎತ್ತಿದರು.

"ಅಕ್ಕ, ನಾನು. ನೀರು ಬಿಡ್ಲಿಕ್ಕೆ ಬನ್ನಿ."

"ನನಗೆ ಆಗುವುದಿಲ್ಲ ಪ್ರಫುಲ್ಲಾ. ಅಲ್ಲಿಗೆ ಬಂದು ನೋಡುವಾಗ ಕಂಬ ಹಿಡಿದು ನಿಂತಿದ್ದರೆ?"

"ನಿಂತಿಲ್ಲ ಅಕ್ಕ. ಮಲಗಿದ್ದಾರೆ." ಪ್ರಫುಲ್ಲಾ ಗಂಡನ ಕಡೆ ನೋಡಿದಳು. "ಇವತ್ತು ನಿಮ್ಮಲ್ಲಿಗೇ ಬರುವುದು ಅಂತ ಇತ್ತು."

"ಯಾಕೆ? ಬಣ್ಣ ತೋರಿಸ್ಲಿಕ್ಕಾ?"

ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷ ಈ ಮನುಷ್ಯನನ್ನು ಸುಧಾರಿಸಿಕೊಂಡು ಅವಳಿಗೆ ಸುಳ್ಳಿಗೂ ತ್ರಾಣ ಉಳಿದಿರಲಿಲ್ಲ. "ಹೌದು. ಬಣ್ಣ ತೋರಿಸ್ಲಿಕ್ಕೇ" ಎಂದಳು.

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಅಕ್ಕ, ನೀವು ಅಳುವುದು ಬೇಡ. ಅಳುವುದು ನಿಮಗೆ ಒಂದು ಸಲ ಆಗಿದೆ, ಒಪ್ಪಿದೆ. ಬೈಲಿಕ್ಕೆ ಬನ್ನಿ. ಬೈದದ್ದು ಇನ್ನೂ ಆಗ್ಲಿಲ್ಲ ಅಲ್ವಾ? ಇವತ್ತು ಅವರು ಒಂದು ಎದುರು ಮಾತಾಡ್ಲಿಕ್ಕಿಲ್ಲ. ನನಗೆ ಇಷ್ಟು ವರ್ಷದಲ್ಲಿ ಇಂಥ ದಿನ ಸಿಕ್ಕಿದ್ದಿಲ್ಲ."

ಅಮ್ಮಣಿಯಕ್ಕ, "ಶೋಧನನ್ನು ಕಳಿಸು" ಎಂದರು.

ಕಾರು ತಿರುಗಿ ವಿಟ್ಲದ ದಾರಿ ಹಿಡಿಯಿತು. ರುಕ್ಮಯ್ಯ ಆಕಾಶ ನೋಡಿ, "ಇನ್ನು ಇದು ಯಾವಾಗ ಮುಗಿಯುವುದಾ" ಎಂದು ಗೊಣಗಿಕೊಂಡು ಮೆಟ್ಟಿಲ ಮೇಲೆ ಕೂತ.

*

"ತಪ್ಪಾಯಿತು ಅಂತ ಒಂದು ಮಾತು ಹೇಳಿ, ಮುಗೀತದೆ" ಎಂದು ಪ್ರಫುಲ್ಲಾ ಹೇಳದ ವರ್ಷವಿಲ್ಲ. "ಕಪ್ಪೇ ಅಲ್ಲದ್ದಕ್ಕೆ ತಪ್ಪು ಹೇಳುವುದು ಹೇಗೆ?" ಎಂದು ಅವರು ಕೇಳುತ್ತಿದ್ದರು. ನಾಯಿಬಾಲ ಡೊಂಕು. ಒಣಗಿದ ಮೇಲೂ, ಎಷ್ಟು ದಪ್ಪ ಬಿದ್ದರೂ ಯಾರ ಕಣ್ಣಿಗೂ ಕಪ್ಪು ಕಾಣದ ಒಂದು ನೀಲಿಗಪ್ಪು ಸಿಗಬೇಕು, ಅದನ್ನು ಅಕ್ಕನೆದುರು ಹಿಡಿಯಬೇಕು ಎಂಬ ಹಟ ಹಿಡಿದರು. ಶೋಧನ್ ರಜೆಯಲ್ಲಿ ಬರುವಾಗಲೆಲ್ಲ ದುಬೈಯಿಂದ ಬಾಟಲಿ ತರುತ್ತಿದ್ದ. ಅಮ್ಮನಿಗೆ ಗೊತ್ತಾಗದ ಹಾಗೆ ತಂದು ಕೊಡುತ್ತಿದ್ದ.

ಬಂದ ಬಾಟಲಿಗೆ ಮೊದಲು ನಾಮಕರಣ. ನೇರಳೆಹಣ್ಣು, ಬಸಳೆಹಣ್ಣು, ಮಳೆಮೋಡ. ಮತ್ತೆ ಪರೀಕ್ಷೆ. ತೆಳು ಗೀಟು, ದಪ್ಪ ಗೀಟು, ಒಂದು ಬೊಟ್ಟು. ಒಂದು ಚೀಟಿ ಬಿಸಿಲಿಗೆ, ಒಂದು ಕಪಾಟಿನ ಒಳಗೆ. ವಾರ ಬಿಟ್ಟು ಎರಡನ್ನೂ ತಂದು ಅವಳ ಮೂಗಿನ ಕೆಳಗೆ ಹಿಡಿಯುವುದು. ಅವಳು ಮೀನು ಕುಯ್ಯುತ್ತಿರಲಿ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿರಲಿ, ಒಂದೇ ಪ್ರಶ್ನೆ.

"ಇದು ಕಪ್ಪಾ?"

"ಕಪ್ಪು."

"ಸರಿ ನೋಡು ಮಾರಾಯ್ತಿ."

"ಸರಿ ನೋಡಿದರೂ ಕಪ್ಪು. ನನ್ನ ಹಣೆಬರಹದ ಹಾಗೆ ಕಪ್ಪು."

ಅವರು ಬೇಸರ ಮಾಡಿಕೊಳ್ಳದೆ ಇನ್ನೊಂದು ಬಾಟಲಿಯ ಮುಚ್ಚಳ ತೆಗೆಯುತ್ತಿದ್ದರು. ಬೇಸರವೆಲ್ಲ ಇವಳೊಬ್ಬಳಿಗೇ.

ನಿನ್ನೆ ಸಂಜೆ ಹೊಸ ಬಾಟಲಿ ಹಿಡಿದುಕೊಂಡು ಬಂದಿದ್ದರು. ಅದರ ಹೆಸರು ಬಂಗುಡೆ ಬೆನ್ನು. "ಮೀನು ತನ್ನಿ ಅಂದರೆ ಹೆಸರು ತರ್ತೀರಿ" ಎಂದಳು ಪ್ರಫುಲ್ಲಾ. ಅವರಿಗೆ ಅದು ಕೇಳಿಸಲೇ ಇಲ್ಲ.

"ಇದು ಎಷ್ಟು ಒಣಗಿದರೂ ನೀಲಿ ಬಿಡ್ಲಿಕ್ಕಿಲ್ಲ. ನಾಳೆ ವಿಟ್ಲಕ್ಕೆ ಹೋಗುವ. ಅಕ್ಕನಿಗೆ ತೋರಿಸುವ."

"ಕಾಲು ಹಿಡಿಲಿಕ್ಕೆ ಹೋಗುವುದಾದರೆ ನಾನೂ ಬರ್ತೇನೆ. ತೋರಿಸ್ಲಿಕ್ಕಾದರೆ ನೀವೇ ಹೋಗಿ."

ಅವರು ಬಾಟಲಿಯ ಮುಚ್ಚಳ ಬಿಗಿದರು. "ಮೊದಲು ತೋರಿಸುವ" ಎಂದರು. "ಮತ್ತೆ ಹಿಡಿಯುವ."

ಅಷ್ಟಕ್ಕಾದರೂ ಬಂದರಲ್ಲ ಎಂದು ಅವಳು ಹಸಿರು ಸೀರೆ ತೆಗೆದಿಟ್ಟು ಮಲಗಿದಳು. ಬೆಳಿಗ್ಗೆ ಕಾಫಿ ಕೊಂಡುಹೋಗುವಾಗ ಕಿಟಕಿಯ ಹತ್ತಿರ ಕುರ್ಚಿಯಲ್ಲೇ ತಲೆ ವಾಲಿತ್ತು. ಬಾಟಲಿ ಮಗುಚಿ ಬೆರಳಿಗೆ ಹತ್ತಿದ ಬಂಗುಡೆ ಬೆನ್ನು ಆಗಲೇ ಒಣಗಿ ಕಪ್ಪಾಗಿತ್ತು.

*

ಅಮ್ಮಣಿಯಕ್ಕ ಕೆನೆಬಣ್ಣದ ಹತ್ತಿ ಸೀರೆ ಉಟ್ಟು ಬಂದರು. ಅಂಗಳದ ಜನ ದಾರಿ ಬಿಟ್ಟರು. ಬಾಗಿಲಲ್ಲಿ ಅವರ ಕಾಲು ಒಂದು ಗಳಿಗೆ ನಿಂತಿತು. ಶೋಧನ್ ಕೈ ಕೊಟ್ಟ. ಅದನ್ನು ಬದಿಗೆ ಸರಿಸಿ ತಾವೇ ನಡೆದು ತಮ್ಮನ ತಲೆಯ ಹತ್ತಿರ ಕೂತರು.

"ಏನಾ" ಎಂದರು. "ಹೇಳು ಈಗ. ಕಪ್ಪಲ್ಲ ಹೇಳು, ನೋಡುವ."

ತಮ್ಮನ ಹೆಗಲನ್ನು ಒಮ್ಮೆ ತಟ್ಟಿದರು.

"ನಾನು ಒದ್ದೆ ಸೀರೆಯಲ್ಲಿ ಅಷ್ಟು ದೂರ ಬಂದೆ. ಬಸ್ಸಿನವರೆಲ್ಲ ನೋಡಿದರು. ಜೀವ ಉಂಟಲ್ಲ, ಅದೇ ಸಾಕು ಅಂತ ನಿನ್ನನ್ನು ಒಂದು ಸಲ ಹಿಡಿದುಕೊಳ್ಳುವ ಅಂತ ಇದ್ದೆ ಮಾರಾಯ. ನೀನು ಲಕೋಟೆ ಹಿಡಿದೆ." ಎರಡು ಸಲ ಅಳುವ ಕ್ರಮವಿಲ್ಲ ಎಂದವರು ಅತ್ತರು. ಪ್ರಫುಲ್ಲಾ ಬೆಳಗಿನಿಂದ ಕಟ್ಟಿಕೊಂಡದ್ದೆಲ್ಲ ಬಿಟ್ಟು ಅವರ ಜೊತೆ ಅತ್ತಳು.

ರುಕ್ಮಯ್ಯ ತುಳಸಿ ಹಾಕಿದ ನೀರಿನ ತಂಬಿಗೆ ತಂದಿಟ್ಟ. ಅಮ್ಮಣಿಯಕ್ಕ ಬೊಗಸೆಯಿಂದ ತಮ್ಮನ ಬಾಯಿಗೆ ನೀರು ಬಿಟ್ಟರು. ಗಲ್ಲದ ಮೇಲೆ ಇಳಿದದ್ದನ್ನು ಅಂಗೈಯಲ್ಲಿ ಒರೆಸಿದರು. ಆಗ ಅವರ ಕಣ್ಣು ಕೈಯ ಮೇಲೆ ಬಿತ್ತು.

"ಇದೆಂಥದು ಬೆರಳಲ್ಲಿ?"

ಪ್ರಫುಲ್ಲಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ಎಲ್ಲ ಹಾಕಿ ತಿಕ್ಕಿದೆ ಅಕ್ಕ. ಹೋಗುವುದೇ ಇಲ್ಲ."

"ನಿನಗೆ ಗೊತ್ತಿಲ್ಲ. ಶಾಲೆಗೆ ಹೋಗುವಾಗ ಬಸಳೆಹಣ್ಣು ಹಿಂಡಿ ಶಾಯಿ ಮಾಡಿ ಕೈಯೆಲ್ಲ ಮೆತ್ತಿಕೊಳ್ತಿದ್ದ. ಮಾಸ್ತರು ಹೊಡೀತಾರೆ ಅಂತ ನಾನೇ ಒರೆಸುವುದು." ಅಮ್ಮಣಿಯಕ್ಕ ಸೆರಗಿನ ಮೂಲೆಯನ್ನು ಬಾಯಿಗಿಟ್ಟು ಉಗುಳಿನಲ್ಲಿ ತೋಯಿಸಿ, ಬೆರಳನ್ನು ಗಟ್ಟಿ ಹಿಡಿದು, ಹೊತ್ತಾಯಿತು ಎಂದು ಹುಡುಗನನ್ನು ಗದರಿಸುವವರ ಹಾಗೆ ಉಜ್ಜತೊಡಗಿದರು. ಉಗುರಿನ ಸಂದಿಗೆ ಬಟ್ಟೆ ತುರುಕಿ ತಿರುವಿದರು. ಬೆರಳು ಪೂರ್ತಿ ಶುಭ್ರವಾಗಲಿಲ್ಲ, ಆದರೆ ಮೊದಲಿನ ಹಾಗೆಯೂ ಉಳಿಯಲಿಲ್ಲ.

"ತೆಗೆಯುವನಾ, ಅಕ್ಕ?" ಎಂದ ರುಕ್ಮಯ್ಯ. "ಹೊತ್ತು ಮೀರ್ತಾ ಉಂಟು."

"ನಿಲ್ಲು."

ಅಮ್ಮಣಿಯಕ್ಕ ನೆಲಕ್ಕೆ ಕೈಯೂರಿ ಎದ್ದರು. ಸೆರಗಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಾಗಿಲ ತನಕ ಹೋಗಿ ಬಿಸಿಲಿಗೆ ಎತ್ತಿ ಹಿಡಿದರು. ಕಣ್ಣು ಕಿರಿದು ಮಾಡಿ ನೋಡಿದರು, ದೂರ ಹಿಡಿದು ನೋಡಿದರು.

"ಪ್ರಫುಲ್ಲಾ, ಇಲ್ಲಿ ಬಾ. ನನಗೆ ಕಣ್ಣು ಸರಿ ಕಾಣುವುದಿಲ್ಲ. ಇದು ಕಪ್ಪಾ?"

ಪ್ರಫುಲ್ಲಾ ಎದ್ದು ಬಂದು ಪಕ್ಕದಲ್ಲಿ ನಿಂತಳು. ಸೆರಗಿನ ಮೂಲೆಯಲ್ಲಿ ಒಂದು ಕಪ್ಪು ಕಲೆ. ಅದರ ಸುತ್ತ, ಒದ್ದೆಯಾದ ನೂಲುಗಳ ಮೇಲೆ, ಬಂಗುಡೆಯ ಬೆನ್ನಿನ ನೀಲಿ ಮೆಲ್ಲಮೆಲ್ಲನೆ ಹರಡುತ್ತಿತ್ತು.