ಎಕ್ಕದ ಸವತಿ

"ಅದ ಮುಟ್ಬ್ಯಾಡಿ ಮೇಡಮ್ಮೋರೆ. ಅದಕ್ಕೆ ತಾಳಿ ಕಟ್ಟವ್ರೆ."

ಎಕ್ಕದ ಬುಡಕ್ಕೆ ಚಾಕು ಹಾಕಲು ಬಗ್ಗಿದ್ದ ಪ್ರಮೀಳಾ ಹಾಗೇ ನಿಂತಳು. ಹಿಂದೆ ಬದುವಿನ ಮೇಲೆ ಹುಲ್ಲಿನ ಹೊರೆ ಇಳಿಸಿ, ಸೊಂಟಕ್ಕೆ ಕೈಕೊಟ್ಟು ಒಬ್ಬ ಬಸುರಿ ಹೆಂಗಸು ನಿಂತಿದ್ದಳು. ಅವಳು ತೋರಿಸಿದ ಕಡೆ ನೋಡಿದರೆ ಮಾತು ನಿಜವೇ. ತೊಡೆಗಾತ್ರದ ಬೊಡ್ಡೆಗೆ ಯಾವತ್ತೋ ಸುತ್ತಿದ ದಾರ ತೊಗಟೆಯೊಳಗೆ ಹೂತುಹೋಗಿ, ಅರಿಶಿನದ ಕೊಂಬಿನ ತುದಿ ಮಾತ್ರ ಹೊರಗೆ ಉಳಿದಿತ್ತು.

ಪ್ರಮೀಳಾ ಕೆ.ಆರ್. ಪೇಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಹಿಂದಿನ ವರ್ಷ, ಅಂದರೆ ತೊಂಬತ್ತೈದರಲ್ಲಿ, ವಿದ್ಯಾರ್ಥಿಗಳನ್ನು ತೊಣ್ಣೂರು ಕೆರೆಗೆ ಕರೆತಂದಾಗ ಇದೇ ಗಿಡದಲ್ಲಿ ಅವಳಿಗೊಂದು ಮೂತಿಹುಳ ಸಿಕ್ಕಿತ್ತು. ಅಕ್ಕಿಯಲ್ಲಿ ಬೀಳುತ್ತದಲ್ಲ, ಅದರ ದಾಯಾದಿ ಅನ್ನಿ. ಆದರೆ ಬೆರಳುಗುರಿನಷ್ಟು ದೊಡ್ಡದು, ಬೂದಿ ಬಣ್ಣ, ಬೆನ್ನ ಮೇಲೆ ಎರಡು ಬಿಳಿ ಗೆರೆ. ಮುಟ್ಟಿದರೆ ಸಾಕು, ಕಾಲು ಮುದುರಿಕೊಂಡು ಸತ್ತಂತೆ ಬೀಳುತ್ತಿತ್ತು. ನಾವು ಸುಮ್ಮನಾದ ಮೇಲೆ ಎದ್ದು ನಡೆಯುತ್ತಿತ್ತು. ಬೆಂಗಳೂರಿನ ತಜ್ಞರೊಬ್ಬರು ನೋಡಿ, ಇದು ಯಾರೂ ಹೆಸರಿಡದ ಹೊಸ ಜಾತಿಯೇ ಇರಬೇಕು, ಆದರೆ ಒಂಟಿ ಗಂಡನ್ನು ನೆಚ್ಚಿ ಬರೆಯಲಾಗದು, ಹೆಣ್ಣು ಹುಡುಕಿ ತಾ ಅಂದಿದ್ದರು.

ಹುಡುಕದ ಜಾಗವಿಲ್ಲ. ಪಾಂಡವಪುರದ ನಾಲೆ ಏರಿ, ನಾಗಮಂಗಲದ ರಸ್ತೆಬದಿ, ಶ್ರೀರಂಗಪಟ್ಟಣದ ಹೊಳೆದಂಡೆ, ಎಲ್ಲ ಕಡೆ ಎಕ್ಕವೇನೋ ಇತ್ತು, ಈ ಹುಳ ಇರಲಿಲ್ಲ. ಕೊನೆಗೆ ಅವಳಿಗೆ ಹೊಳೆಯಿತು. ಈ ಸೀಮೆಯಲ್ಲಿ ಎಕ್ಕವನ್ನು ಮುಪ್ಪಾಗಲು ಯಾರೂ ಬಿಡುವುದಿಲ್ಲ. ವರ್ಷಾ ವರ್ಷಾ ಸವರಿ ಗೊಬ್ಬರಕ್ಕೆಂದು ಗದ್ದೆಯ ಕೆಸರಿಗೆ ತುಳಿದುಬಿಡುತ್ತಾರೆ. ಹುಳಕ್ಕೆ ಬೇಕಾದ್ದು ಹಳೆಯ ದಪ್ಪ ಬೇರು. ಅಂಥದ್ದು ಉಳಿದಿದ್ದುದು ಇದೊಂದೇ.

ಯಾಕೆ ಉಳಿಯಿತೆಂದು ಪುಟ್ಟಲಕ್ಷ್ಮಮ್ಮ, ಆ ಬಸುರಿ, ಬದುವಿನ ಮೇಲೆ ಕೂತು ಹೇಳಿದಳು. ಅವಳ ಗಂಡ ನಿಂಗರಾಜುವಿನ ಮೊದಲ ಹೆಂಡತಿ ಹೆರಿಗೆಯಲ್ಲಿ ಹೋದಳು. ಎರಡನೆಯವಳು ನಾಲೆಗೆ ಬಟ್ಟೆ ಒಗೆಯಲು ಹೋದವಳು ಹೆಣವಾಗಿ ಬಂದಳು. ಮೂರನೆಯದು ಗಂಡಾಂತರ, ಅದನ್ನು ಎಕ್ಕಕ್ಕೆ ದಾಟಿಸಬೇಕು ಅಂದರು ಹಿರಿಯರು. ಎಕ್ಕಕ್ಕೆ ತಾಳಿ ಕಟ್ಟಿ, ಆ ಮುಹೂರ್ತದಲ್ಲೇ ಅದನ್ನು ಕಡಿದು ಕೆಡವಿಬಿಟ್ಟರೆ, ಆಮೇಲೆ ಬರುವವಳು ನಾಲ್ಕನೆಯವಳಾಗಿ ಬದುಕಿಕೊಳ್ಳುತ್ತಾಳೆ. ನಿಂಗರಾಜು ತಾಳಿ ಕಟ್ಟಿದ. ಮಚ್ಚು ಕೈಗೆ ಕೊಟ್ಟರೆ ಎತ್ತಲೇ ಇಲ್ಲ. ಇಬ್ಬರನ್ನು ಮಣ್ಣು ಮಾಡಿದ್ದೀನಿ, ಇದನ್ನೂ ನಾನೇ ಕೊಲ್ಲಲಾ ಅಂತ ಕೂತು ಅತ್ತನಂತೆ. ನಾಳೆ ಕಡಿದರಾಯಿತು ಅಂದುಕೊಂಡು ಜನ ಉಂಡೆದ್ದು ಹೋದರು. ಆ ನಾಳೆ ಬರಲೇ ಇಲ್ಲ. ಗಿಡ ಮಾತ್ರ ನೋಡುನೋಡುತ್ತ ಮರವಾಯಿತು. ಆಮೇಲೆ ಅವನ ಕೈಹಿಡಿದು ಬಂದ ಪುಟ್ಟಲಕ್ಷ್ಮಮ್ಮನ ಹಿಂದಿನ ಬಸುರು ನಿಲ್ಲಲಿಲ್ಲ.

"ಆ ಎಕ್ಕದ ಸವ್ತಿ ಬದ್ಕವಳೆ ಮೇಡಮ್ಮೋರೆ. ಅವಳು ಬದ್ಕಿರೋಗಂಟ ನಾನೇ ಮೂರ್ನೇವ್ಳು," ಅಂದಳು. "ತಾಳಿ ಕಟ್ಟಿದೋರೇ ಕಡೀಬೇಕು, ಬ್ಯಾರೆಯವ್ರು ಮುಟ್ಟಂಗಿಲ್ಲ. ನಿಮ್ ಕೆಲ್ಸಕ್ಕೆ ಬೇಕು ಅಂತ ನಮ್ಮೋರ್ಗೆ ಯೋಳಿ ಕಡ್ಸಿ. ನಾನ್ ಬದುಕ್ಬೇಕು."

ಗಿಡ ಏನು ಮಾಡೀತು, ಇದೆಲ್ಲ ಮನಸ್ಸಿನ ಅಂಜಿಕೆ ಎಂದು ಪ್ರಮೀಳಾ ಸಮಾಧಾನ ಹೇಳಿದಳು. ಆದರೆ ಬೇರಿನೊಳಗೆ ಮರಿಹುಳ ಕೊರೆದ ತೂತುಗಳನ್ನು ಅವಳಾಗಲೇ ಕಂಡಿದ್ದಳು. ಮಳೆ ಬೀಳುವತನಕ ಕಾದರೆ ಹೆಣ್ಣು ಈಚೆ ಬಂದೇ ಬರುತ್ತಿತ್ತು. ಸಂಜೆ ಅವರ ಮನೆಗೇ ಹೋಗಿ, ಗಿಡಕ್ಕೆ ಯಾರೂ ಕೈ ಹಚ್ಚದಂತೆ ನೋಡಿಕೊಳ್ಳಿ ಎಂದು ನಿಂಗರಾಜುವಿಗೆ ಹೇಳಿಬಂದಳು. ಅವನ ಮುಖ ಅರಳಿತು. ಬೇಡವೆಂದರೂ ಕೇಳದೆ ಎಳನೀರು ಕೆತ್ತಿಕೊಟ್ಟ. ಪುಟ್ಟಲಕ್ಷ್ಮಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

ಆ ನೋಟ ಪ್ರಮೀಳಾಳ ಬೆನ್ನು ಹತ್ತಿತು. ಪಾಠ ಮಾಡುವಾಗ ಕೊನೆಯ ಬೆಂಚಿನ ಹಿಂದೆ ಯಾರೋ ಬಾಗಿಲಿಗೆ ಒರಗಿದ್ದಾರೆ ಅನ್ನಿಸಿ ಮಾತು ತಪ್ಪುತ್ತಿತ್ತು. ಸೂಜಿಗೆ ಚುಚ್ಚಿಟ್ಟ ಗಂಡುಹುಳವನ್ನು ತೆಗೆದು ನೋಡಲೂ ಮನಸ್ಸಾಗುತ್ತಿರಲಿಲ್ಲ. ಆ ಹೆಂಗಸಿಗೆ ಏನಾದರೂ ಆಗಿಬಿಟ್ಟರೆ ಅಂದುಕೊಳ್ಳುವಳು. ಛೇ, ನಾನೂ ನಂಬಿಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಳ್ಳುವಳು.

ಮೊದಲ ಮಳೆ ಬಿದ್ದ ಮೇಲೆ ಬಸ್ಸಿಳಿದು ಬಂದರೆ ಬದುವಿನ ಮೇಲೆ ಗಿಡವಿರಲಿಲ್ಲ. ಅಲ್ಲೊಂದು ಗುಂಡಿ, ಅದರಲ್ಲಿ ಕೆಂಪು ನೀರು. ಹೊಲದಲ್ಲಿದ್ದ ನಿಂಗರಾಜು ತಲೆ ತಗ್ಗಿಸಿಕೊಂಡು ನಡೆದದ್ದು ಹೇಳಿದ. ಶಿವರಾತ್ರಿಗೆ ತೌರಿಗೆ ಹೋದ ಹೆಂಡತಿ, ಗಿಡ ಬೀಳದೆ ತಿರುಗಿ ಬರುವುದಿಲ್ಲವೆಂದು ಹೇಳಿಕಳಿಸಿದಳಂತೆ. ಕಣ್ಣು ಮುಚ್ಚಿಕೊಂಡು ಕಡಿದನಂತೆ.

"ಬುಡ ಏನು ಮಾಡಿದಿರಿ? ಬೇರು?"

ಅವನು ಅವಳನ್ನು ಹೊಲದ ಮೂಲೆಗೆ ಕರೆದೊಯ್ದ. ಅಲ್ಲಿ ಕಲ್ಲು ನೆಟ್ಟ ಎರಡು ಗುಡ್ಡೆಗಳು, ಅವನ ಹೆಂಡಿರವು. ಪಕ್ಕದಲ್ಲಿ ಇನ್ನೊಂದು, ಚಿಕ್ಕದು, ಹೊಸದು. ಮಳೆಗೆ ಕರಗಿದ ಕುಂಕುಮ, ಬಾಡಿದ ಹೂವು, ಹಸಿರು ಬಳೆಯ ಚೂರು.

"ಬಿಸಾಕಕ್ಕೆ ಮನ್ಸಾಗ್ನಿಲ್ಲ. ತಾಳಿ ಕಟ್ಟಿದ್ನಲ್ಲ," ಅಂದ. "ಬೇರ್ ಸಮೇತ ಮಣ್ ಮಾಡ್ಬುಟ್ಟೆ."

ಅವನು ದನದ ಕಡೆ ಹೋದ ಮೇಲೆ ಪ್ರಮೀಳಾ ಆ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಚೀಲದಲ್ಲಿ ಪುಟ್ಟ ಸಲಿಕೆ ಇತ್ತು. ಗೇಣುದ್ದ ಕೆದಕಿದರೆ ಸಾಕು. ಕೈ ಚೀಲದೊಳಗೆ ಹೋಗಿ ಸಲಿಕೆಯ ಹಿಡಿ ಸಿಕ್ಕಿತು. ಅದನ್ನು ಈಚೆ ತೆಗೆಯಲು ಮಾತ್ರ ಆಗಲಿಲ್ಲ. ಹಾಗೆ ಕೂತಿದ್ದಾಗಲೇ ಬಳೆಚೂರಿನ ಬಳಿ ಹಸಿಮಣ್ಣು ಕದಲಿತು. ಒಂದು ಹೆಂಟೆ ಉರುಳಿತು. ಕೆಳಗಿಂದ ಉದ್ದನೆಯ ಮೂತಿ, ಆಮೇಲೆ ಬೂದಿ ಬಣ್ಣದ ಬೆನ್ನು, ಎರಡು ಬಿಳಿ ಗೆರೆ. ಗಂಡಿನ ಮೂತಿಗಿಂತ ಉದ್ದ. ಹೆಣ್ಣು. ಅವಳು ಉಸಿರು ಬಿಗಿಹಿಡಿದು ಎತ್ತಿಕೊಂಡಳು. ಹುಳ ಕಾಲು ಮುದುರಿ ಅಂಗೈಯಲ್ಲಿ ಅಂಗಾತ ಬಿತ್ತು.

"ಅದ್ರೊಳಗಿಂದ ಬಂತಾ?"

ಮಜ್ಜಿಗೆಯ ಚೊಂಬು ಹಿಡಿದು ಪುಟ್ಟಲಕ್ಷ್ಮಮ್ಮ ಬಂದಿದ್ದಳು. ಈಗ ತುಂಬಿದ ಬಸುರಿ. ಗುಡ್ಡೆಯ ಹತ್ತಿರ ಬಾರದೆ ದೂರದಲ್ಲೇ ನಿಂತು ಪ್ರಮೀಳಾಳ ಅಂಗೈಯನ್ನೇ ನೋಡುತ್ತಿದ್ದಳು.

"ಜೀವ ಐತಾ ಅದಕ್ಕೆ?"

ಪ್ರಮೀಳಾ ಅವಳ ಮುಖ ನೋಡಿದಳು.

"ಇಲ್ಲ ಕಣಮ್ಮ. ಸತ್ತೋಗಿದೆ."

"ಸರ್ಯಾಗಿ ನೋಡಿ."

"ನೋಡಿದೆ. ಸತ್ತಿದೆ," ಅಂದು ಪ್ರಮೀಳಾ ಮುಷ್ಟಿ ಕಟ್ಟಿದಳು.

ಪುಟ್ಟಲಕ್ಷ್ಮಮ್ಮ ಉದ್ದಕ್ಕೆ ಉಸಿರುಬಿಟ್ಟು, ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, ಎಷ್ಟೋ ತಿಂಗಳ ಮೇಲೆ ನಕ್ಕವಳಂತೆ ನಕ್ಕಳು. ಚೊಂಬು ಮುಂದೆ ಚಾಚಿದಳು. ಪ್ರಮೀಳಾ ಅದನ್ನು ಎಡಗೈಯಲ್ಲೇ ತೆಗೆದುಕೊಂಡು ಎತ್ತಿ ಕುಡಿಯತೊಡಗಿದಳು. ಬಲಮುಷ್ಟಿಯೊಳಗೆ ಒಂದು ಕಾಲು ಬಿಚ್ಚಿತು, ಇನ್ನೊಂದು ಬಿಚ್ಚಿತು, ಆಮೇಲೆ ಎಲ್ಲ ಕಾಲೂ ಸೇರಿ ಅಂಗೈಯನ್ನು ಕೆರೆಯತೊಡಗಿದವು. ಚೊಂಬು ವಾಪಸು ತೆಗೆದುಕೊಳ್ಳಲು ಪುಟ್ಟಲಕ್ಷ್ಮಮ್ಮ ಎದುರಿಗೇ ನಿಂತಿದ್ದಳು.