ಒಡಪಿನಲ್ಲಿ ಹೇಳಿದ ಮಾತು

ರಾಯಚೂರಿನ ಆ ಓಣಿಯಲ್ಲಿ ಮದುವೆ ಗೊತ್ತಾದರೆ, ಬಂಧುಗಳಿಗಿಂತ ಮೊದಲು ನೀಲಗಂಗಮ್ಮನಿಗೆ ಸುದ್ದಿ ಬರುತ್ತಿತ್ತು. ಮದುವೆ ಮನೆಗೆ ಬಂದವಳನ್ನು ಹೊಸ್ತಿಲಲ್ಲಿ ತಡೆದು ಗಂಡನ ಹೆಸರು ಕೇಳುವಾಗ ಬರೀ ಹೆಸರು ಹೇಳಿದರೆ ಹೆಂಗಸರು ಒಳಗೆ ಬಿಡುವುದಿಲ್ಲ. ಪ್ರಾಸದ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಕಟ್ಟಲು ಬಾರದವರಿಗೆ ನೀಲಗಂಗಮ್ಮ ಕಟ್ಟಿಕೊಡುತ್ತಿದ್ದಳು. ಅಕ್ಕಿ ಆರಿಸುತ್ತ ಕೂತವಳ ಕಣ್ಣು ಮೊರ ಬಿಟ್ಟು ಎಲ್ಲೋ ತೇಲಿತೆಂದರೆ, ಸಾಲು ಬರುತ್ತಿದೆ ಎಂದು ಬಂದವರು ಉಸಿರು ಹಿಡಿದು ಕೂಡುತ್ತಿದ್ದರು.

ಒಡಪಿಗೆ ಒಂದು ಕಟ್ಟಳೆ ಇತ್ತು. ಅದರಲ್ಲಿ ಏನು ಹೇಳಿದರೂ ಯಾರೂ ಸಿಟ್ಟಾಗುವಂತಿಲ್ಲ. ಎದುರು ಮನೆಯ ಬಸವಂತಮ್ಮನಿಗೆ ಅವಳ ಅತ್ತೆ ಒಂದು ದಿನವೂ ಗಟ್ಟಿ ಮೊಸರು ನೀಡಿದವಳಲ್ಲ. ಚೊಚ್ಚಲು ಬಸುರಿನ ಕುಬಸದ ದಿನ ಬಸವಂತಮ್ಮ ಗಂಡನ ಹೆಸರಿನ ಜೊತೆಗೆ ಅತ್ತೆಯ ಮೊಸರಿನ ಗಡಿಗೆಯನ್ನೂ ಸೇರಿಸಿ ಹೇಳಿದಳು. ಎಲ್ಲರೂ ನಕ್ಕರು, ಅತ್ತೆಯೂ ನಕ್ಕಳು. ಮರುದಿನದಿಂದ ತಾಟಿಗೆ ಮೊಸರು ಬಂತು.

“ಏ ನೀಲಾ, ಊರ ಮಂದಿಗೆಲ್ಲಾ ಹೊಸಾ ಒಡಪ ಕಟ್ಟಿಕೊಡ್ತಿ. ನಿಂದು ಮಾತ್ರ ಅದೇ ಹಳೇ ರಿಕಾರ್ಡು!” ಎಂದು ಬಳೆಗಾರ್ತಿ ಗುಲ್ಶನ್ ಬೇಗಂ ಕಾಡುತ್ತಿದ್ದಳು.

ಆ ಹಳೆಯದು ದೇವದುರ್ಗದಲ್ಲಿ, ಮದುವಣಗಿತ್ತಿಯಾಗಿ ಅತ್ತೆಮನೆಯ ಬಾಗಿಲಲ್ಲಿ ನಿಂತಾಗ ತಾನಾಗಿಯೇ ಬಂದದ್ದು:

ಬಾವಿ ನೀರು ತಂಪು, ಬೇವಿನ ನೆಳ್ಳು ಸೊಂಪು,
ಶರಣಯ್ಯನೋರು ನನ್ನ ಕರದರ ಮನಿತುಂಬ ಕಂಪು.

ಶರಣಯ್ಯ ಅಂದು ಎಲ್ಲರೆದುರು ತಿರುಗಿ ಅವಳನ್ನು ನೋಡಿದ್ದ. ಅದಾಗಿ ಹನ್ನೊಂದು ವರ್ಷ. ಈಗ ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಅವನ ಕೆಲಸ. ಸಂಜೆ ಹುಬ್ಬಿನ ತುಂಬ ಅರಳೆ ಹೊತ್ತು ಬರುತ್ತಿದ್ದ, ಉಣ್ಣುತ್ತಿದ್ದ, ಗೋಡೆಗೆ ಒರಗುತ್ತಿದ್ದ. ಎರಡು ವರ್ಷದಿಂದ ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ.

“ಬ್ಯಾಳಿಗೆ ಉಪ್ಪು ಹೆಚ್ಚಾತೇನ್ರೀ?”

“ಹೂಂ.”

“ಕಡಿಮಿ ಆತೇನ್ರೀ?”

“ಹೂಂ.”

ತಾನು ಅವನಿಗೆ ಸಾಕಾಗಿದ್ದೇನೆ ಎಂದುಕೊಂಡಳು ನೀಲಗಂಗಮ್ಮ. ಅವನ ಅಂಗಿಯಿಂದ ಎದ್ದ ಅರಳೆಯ ಎಳೆಗಳು ಇಳಿಬಿಸಿಲಿನಲ್ಲಿ ಮೆಲ್ಲಗೆ ತೇಲುವುದನ್ನು ನೋಡುತ್ತ ಕೂಡುತ್ತಿದ್ದಳು. ಆಡದ ಮಾತುಗಳೇ ಹಗುರಾಗಿ ಮನೆಯೊಳಗೆ ಹಾರಾಡುತ್ತಿವೆ ಅನಿಸುತ್ತಿತ್ತು.

ಎಪ್ಪತ್ತೊಂಬತ್ತರ ವೈಶಾಖದಲ್ಲಿ ಮಾನವಿಯಲ್ಲಿ ಶರಣಯ್ಯನ ಅಕ್ಕ ಬಾಲಮ್ಮನ ಮಗನ ಮದುವೆ. ಬಸ್ಸಿನ ಕಿಟಕಿಯಾಚೆ ಕಾಲುವೆಯ ನೀರು ಹೊಳೆಯುತ್ತ ಜೊತೆಗೇ ಓಡಿ ಬರುತ್ತಿತ್ತು. ಅದನ್ನು ನೋಡುತ್ತಿದ್ದಂತೆ ಅವಳಿಗೆ ಹೊಸ ಒಡಪೊಂದು ಬಂತು. ಸಿಹಿಯದಲ್ಲ. ಅದನ್ನು ಹೇಳಿದರೆ ಅವನು ಇನ್ನೂ ದೂರವಾಗಬಹುದು. ಹೇಳದಿದ್ದರೆ, ಮುದುಕಿಯಾಗುವವರೆಗೂ ಆ ‘ಹೂಂ’ ಒಂದೇ. ಮಾನವಿ ಬರುವವರೆಗೂ ಅವಳು ಆ ಸಾಲುಗಳನ್ನು ಒಳಗೊಳಗೇ ಹೇಳಿ ನೋಡುತ್ತಲೇ ಇದ್ದಳು.

ಬಾಲಮ್ಮ ಆರತಿ ತಾಟು ಹಿಡಿದು ಬಾಗಿಲಿಗೆ ಅಡ್ಡ ನಿಂತಳು. “ಬಂದ್ಲು ನೋಡ್ರೆವ್ವಾ ಒಡಪಿನ ಸಾವ್ಕಾರ್ತಿ! ಹಳೇದು ನಡಿಯೂದಿಲ್ಲ, ಈ ಮನ್ಯಾಗ ಹೊಸಾದು ಬೇಕು.”

ನೀಲಗಂಗಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು:

ಹತ್ತಿ ಒಡದು ಹೊಲ ಬೆಳ್ಳಗ, ಚಂದ್ರ ಬಂದು ಅಂಗಳ ಬೆಳ್ಳಗ,
ಮಾತಿಲ್ಲದ ಮನಿಗೆ ದೀಪ ಹಚ್ಚೀನಿ, ಶರಣಯ್ಯನೋರು ಒಳಗ, ನಾ ಹೊರಗ.

ಯಾರೂ ನಗಲಿಲ್ಲ. ಬಾಲಮ್ಮನ ಕೈಯ ಆರತಿ ನಿಂತಲ್ಲೇ ನಿಂತಿತು. ಗಂಡಸರ ನಡುವೆ ನಿಂತಿದ್ದ ಶರಣಯ್ಯ ಮಾತ್ರ, ಹೆಂಡತಿ ತಮ್ಮ ಹೆಸರು ಹೇಳಿದಾಗ ಗಂಡಂದಿರು ನಗುವಂತೆ, ಮೀಸೆ ಸವರಿ ನಕ್ಕ.

ನೀಲಗಂಗಮ್ಮ ಸಿಟ್ಟಿನಿಂದ ಅವನತ್ತ ತಿರುಗಿದಳು. ಆಮೇಲೆ ನೋಡಿದಳು. ಅವನ ಕಣ್ಣು ಅವಳ ಮೇಲಿರಲಿಲ್ಲ. ಪಕ್ಕದವನ ಪಾಟಿ ನೋಡಿ ಲೆಕ್ಕ ಬರೆಯುವ ಶಾಲೆಯ ಮಕ್ಕಳಂತೆ, ಅವನು ಒಬ್ಬೊಬ್ಬರದೇ ಮುಖ ನೋಡುತ್ತಿದ್ದ. ಯಾರೂ ನಗುತ್ತಿಲ್ಲವೆಂದು ತಿಳಿದು ಅವನ ನಗೆಯೂ ಸಾವಕಾಶ ಆರಿತು. ಅಷ್ಟರಲ್ಲಿ ಅವನ ಬೆನ್ನ ಹಿಂದೆಯೇ ಹಲಗೆ ಬಾರಿಸುವವನೊಬ್ಬ ಫಟ್ಟನೆ ಏಟು ಹಾಕಿದ. ಎಲ್ಲರೂ ಬೆಚ್ಚಿ ತಿರುಗಿದರು. ಶರಣಯ್ಯ ತಿರುಗಲಿಲ್ಲ.

ಎರಡು ವರ್ಷದ ಅಷ್ಟೂ ‘ಹೂಂ’ಗಳು ಅವಳಿಗೆ ಒಮ್ಮೆಲೇ ಅರ್ಥವಾದವು.

“ಒಳಗ ಹೊರಗ ಅಂತ ಅನಬ್ಯಾಡ, ಬಾರವ್ವಾ ಒಳಗ,” ಎಂದು ಬಾಲಮ್ಮ ಅವಳ ಭುಜ ಹಿಡಿದು ಕರೆದುಕೊಂಡಳು.

ಮರುದಿನ ಮಧ್ಯಾಹ್ನ ಇಬ್ಬರೂ ರಾಯಚೂರಿನ ಬಸ್ಸು ಹತ್ತಿದರು. ಅವನು ಕಿಟಕಿಯ ಕಡೆ ಕೂತ. ಊರು ದಾಟಿದ ಮೇಲೆ, ಯಾವತ್ತೂ ಇಲ್ಲದೆ, ಅವನೇ ಮೊದಲು ಮಾತಾಡಿದ.

“ನಿನ್ನಿ ಹೇಳಿದ್ದು ಹಳೇದಲ್ಲ.”

“ಕೇಳಿಸ್ತೇನ್ರೀ?”

ಅವನು ಅವಳ ಬಾಯಿಯನ್ನೇ ನೋಡುತ್ತ ತಲೆಯಾಡಿಸಿದ. “ಇಲ್ಲ. ಹಳೇದನ್ನ ಅನ್ನೂವಾಗ ನಿನ್ನ ತುಟಿ ಹೆಂಗ ಹೊರಳ್ತಾವಂತ ನನಗ ಗೊತ್ತದ. ಇದು ಬ್ಯಾರೆ ಇತ್ತು.”

ಅವಳು ಕಿವಿ ಮುಟ್ಟಿ, ಯಾವಾಗಿಂದ ಎಂದು ಕೈಯಲ್ಲೇ ಕೇಳಿದಳು.

“ಎರಡು ವರ್ಷಾತು. ಮಷೀನಿನ ಸಪ್ಪಳಕ್ಕ. ಗಿರಣಿ ಸೇಠಗ ಗೊತ್ತಾದ್ರ ಕೆಲಸ ಬಿಡಸ್ತಾನ. ನೀ ಒಂದ್ ಕೇಳಿ ನಾ ಒಂದ್ ಅಂದ್ರ, ನೀನೂ ನಗ್ತಿ ಅಂತ...” ಅವನು ಹೊರಗೆ ನೋಡಿದ. ಮತ್ತೆ ತಿರುಗಿ, “ಏನಂದಿ ನಿನ್ನಿ?” ಎಂದ.

ಬೇಕೆಂದರೆ ದಾರಿಯ ಕಲ್ಲೂರು ಬರುವುದರೊಳಗೆ ಅವಳು ಹತ್ತು ಸಿಹಿ ಒಡಪು ಕಟ್ಟಬಲ್ಲವಳು. ಆದರೆ ಅವನು ನಿನ್ನೆಯದನ್ನು ಕೇಳಿದ್ದ. ಅವನ ಎಡಗಿವಿಯ ಹತ್ತಿರ ಬಾಯಿಟ್ಟು ಹೇಳಿದಳು. ಅವನು ತಲೆಯಾಡಿಸಿದ. ದನಿ ಏರಿಸಿದಳು. ಅದೂ ಮುಟ್ಟಲಿಲ್ಲ. ಮೂರನೆಯ ಸಲ ಬಸ್ಸಿನ ಎಂಜಿನ್ನನ್ನೂ ಮೀರಿಸಿ ಕೂಗಿ ಹೇಳಿದಳು. ಬಸ್ಸಿಗೆ ಬಸ್ಸೇ ಹಿಂತಿರುಗಿ ನೋಡಿತು.

“ನಿನ್ನ ಗಂಡನ ಹೆಸರು ಡ್ರೈವರಗೂ ಗೊತ್ತಾತು, ಇನ್ನ ಸಾಕು ಬಿಡಬೇ!” ಎಂದಳು ಮುಂದಿನ ಸೀಟಿನ ಮುದುಕಿ. ಜನ ಗೊಳ್ಳೆಂದರು.

ಶರಣಯ್ಯ ನಗಲಿಲ್ಲ. ಕೇಳಿಸಿದ್ದನ್ನು ಒಳಗೊಳಗೇ ಮತ್ತೊಮ್ಮೆ ಹೇಳಿಕೊಳ್ಳುವವನಂತೆ ಅವನ ತುಟಿಗಳು ಅಲುಗಿದವು.

“ಕಡೀ ಸಾಲು ತಪ್ಪ್ಯಾದ ನೀಲಾ,” ಎಂದ ಕೊನೆಗೆ. “ನಾನೂ ಹೊರಗನ ಕುಂತಿದ್ದೆ.”

ನೀಲಗಂಗಮ್ಮ ಅವನ ಕಡೆ ಹೊರಳಿದಳು. ಯಾವ ಕಿವಿ ಚಲೋ ಎಂದು ಸನ್ನೆ ಮಾಡಿದಳು. ಅವನು ಬಲಗಿವಿ ಮುಟ್ಟಿ ತೋರಿಸಿದ. ಅವಳು ಓಡುವ ಬಸ್ಸಿನಲ್ಲಿ ಮೇಲಿನ ಸರಳು ಹಿಡಿದು ಎದ್ದು, ಅವನನ್ನು ಈಚೆಗೆ ಸರಿಸಿ, ಕಿಟಕಿಯ ಕಡೆ ಹೋಗಿ ಅವನ ಬಲಕ್ಕೆ ಕೂತಳು.